ವಸಂತದ ಹೂವು: ಹಿತ್ತಲಿಗೆ ಚೆಲುವು, ಕೈಗೆ ಕಾಸು



ಘಟಪ್ರಭಾ ದಂಡೆಯ ನಮ್ಮ ಘೋಡಗೇರಿ ಭಾಗದಾಗ ಎತ್ತ ನೋಡಿದ್ರೂ ಕಬ್ಬು. ಕಬ್ಬಿನ ಬಿಲ್ಲು ಬರೋದು ವರ್ಷಕ್ಕೊಮ್ಮೆ, ಅದೂ ಹೊಲ ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ. ಕಳೆ ತೆಗೆದ ತಾಯಿ ಮಗಳ ನೋಟ್‌ಬುಕ್ಕಿಗೂ ಕೈ ಚಾಚಬೇಕು. ವಾರವಾರ ನಮ್ಮ ಕೈಗೇ ನಾಲ್ಕು ಕಾಸು ಬರುವ ದಾರಿ ಇಲ್ಲವೇ? ಇದೆ. ಅದು ಹೂವು.

ಹೆಚ್ಚು ಜಾಗ ಬೇಡ. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ. ಒಂದೂವರೆ ಅಡಿಗೊಂದರಂತೆ ಹಚ್ಚಿದರೆ ಸುಮಾರು 480 ಚೆಂಡು ಹೂವಿನ ಗಿಡ ಕೂಡುತ್ತವೆ.

ಮಾಡುವ ಕ್ರಮ:

1. ಯುಗಾದಿಗೆ ಹೂ ಬೇಕಾದರೆ ಡಿಸೆಂಬರ್ ಕೊನೆಗೆ ಮಡಿಯಲ್ಲಿ ಬೀಜ ಹಾಕಿರಿ. 25-30 ದಿನದ ಸಸಿ ನಾಟಿಗೆ ಬರುತ್ತದೆ.

2. ತಿಪ್ಪೆ ಗೊಬ್ಬರ ಚೆನ್ನಾಗಿ ಕಳಿತಿರಲಿ. ನೀರು ನಿಲ್ಲಬಾರದು.

3. ನಾಟಿ ಮಾಡಿ ಮೂರು-ನಾಲ್ಕು ವಾರಕ್ಕೆ ಗಿಡದ ಕುಡಿ ಚಿವುಟಿರಿ. ಪಕ್ಕದ ಟೊಂಗೆ ಒಡೆದು ಹೂ ಹೆಚ್ಚುತ್ತದೆ.

4. ದುಂಡು ಮಲ್ಲಿಗೆ ಇದ್ದವರು ಚಳಿಗಾಲದಲ್ಲೇ ಗಿಡ ಸವರಿರಿ. ಹೊಸ ಚಿಗುರಿನಲ್ಲೇ ಮಾರ್ಚ್‌ನಿಂದ ಮೊಗ್ಗು ಬರುತ್ತದೆ. ಮೊಗ್ಗನ್ನು ಬೆಳಗಿನ ಜಾವ ಬಿಡಿಸಬೇಕು.

ಎಲ್ಲರೂ ಒಂದೇ ದಿನ ಹಚ್ಚಬೇಡಿ. ಹಬ್ಬದ ದಿನ ಪೇಟೆಗೆ ಹೂ ರಾಶಿ ಬಿದ್ದರೆ ದರ ಇಳಿಯುತ್ತದೆ. ಸಂಘದಲ್ಲಿ ಮಾತಾಡಿಕೊಂಡು ಹದಿನೈದು ದಿನಕ್ಕೊಬ್ಬರು ಹಚ್ಚಿರಿ. ಯುಗಾದಿ, ಈಸ್ಟರ್, ಬಸವ ಜಯಂತಿ, ಮದುವೆ ಕಾಲ ಎಲ್ಲಕ್ಕೂ ಹೂ ಸಿಗುತ್ತದೆ. ಬಿಡಿ ಹೂವಿಗಿಂತ ಮಾಲೆ ಕಟ್ಟಿ ಮಾರಿದರೆ ನಮ್ಮ ದುಡಿಮೆಗೂ ಬೆಲೆ. ಗೊಬ್ಬರ, ಬಸ್ ಚಾರ್ಜು ಸಹ ಲೆಕ್ಕದ ವಹಿಯಲ್ಲಿ ಬರೆಯಿರಿ. ಆಗ ನಿಜವಾದ ಲಾಭ ಕಾಣುತ್ತದೆ.

ಮಾರದಿದ್ದರೂ ಹೂವು ನಷ್ಟವಲ್ಲ. ಟೊಮೆಟೊ 16 ಸಾಲಿಗೆ ಒಂದು ಸಾಲು ಚೆಂಡು ಹೂ ಇದ್ದರೆ ಕಾಯಿಕೊರಕದ ಚಿಟ್ಟೆ ಹೂವಿನ ಮೇಲೆ ಮೊಟ್ಟೆ ಇಡುತ್ತದೆ, ಟೊಮೆಟೊ ಉಳಿಯುತ್ತದೆ. ಹೂವಿಗೆ ಬಂದ ಜೇನು ಹೀರೆ, ಸವತೆ, ಕುಂಬಳಕ್ಕೂ ಕಾಯಿ ಕಟ್ಟಿಸುತ್ತದೆ.

ಇನ್ನು ಮನಸ್ಸಿನ ಮಾತು. ದಿನವಿಡೀ ದುಡಿದು ಬಂದವಳಿಗೆ ಹಿತ್ತಲಲ್ಲಿ ಅರಳಿದ ಹೂ ಕಂಡರೆ ಅರ್ಧ ದಣಿವು ಇಳಿಯುತ್ತದೆ. ಆದರೆ ಈ ಸಂತೋಷ ಎಲ್ಲರಿಗೂ ಸಿಗುತ್ತಿದೆಯೇ? ಗಂಡ ತೀರಿಕೊಂಡ ಅಕ್ಕಂದಿರು ಹೂ ಬೆಳೆಯುತ್ತಾರೆ, ಕಟ್ಟುತ್ತಾರೆ, ಮಾರುತ್ತಾರೆ. ಮುಡಿದರೆ ಮಾತ್ರ ಊರು ಆಡಿಕೊಳ್ಳುತ್ತದೆ. ಹೂವು ಗಂಡನ ಮನೆಯಿಂದ ಬಂದದ್ದಲ್ಲ. ಕೂಸಿದ್ದಾಗಲೇ ಅವ್ವ ನಮ್ಮ ಜಡೆಗೆ ಮುಡಿಸಿದ್ದಳು. ಗಂಡನ ಜೊತೆ ಅದು ಯಾಕೆ ಹೋಗಬೇಕು?

ಮುಂದಿನ ಸಭೆಯಲ್ಲಿ ಎರಡು ವಿಷಯ ಚರ್ಚಿಸೋಣ:

ಅ) ಯಾರ ಹಿತ್ತಲಲ್ಲಿ ಎಷ್ಟು ಜಾಗ, ನೀರು ಇದೆ?

ಆ) ನಮ್ಮ ಸಂಘದಲ್ಲಿ ಹೂವಿನ ದಂಡೆ ಹಂಚುವಾಗ ಯಾರನ್ನೂ ದಾಟಿ ಹೋಗಬಾರದು ಎಂದು ಠರಾವು ಬರೆಯಬಹುದೇ?