ಭಾರತದ ವಿಮಾನ ಕೈಗಾರಿಕೆ : ನಡೆದುಬಂದ ದಾರಿ

ವಿಮಾನವನ್ನು ಕೊಳ್ಳುವುದು ಬೇರೆ, ಜೋಡಿಸುವುದು ಬೇರೆ, ತಾನೇ ರೂಪಿಸಿ ನಿರ್ಮಿಸುವುದು ಬೇರೆ. ಈ ಮೂರು ಮೆಟ್ಟಿಲುಗಳನ್ನು ಏರುವ ಪ್ರಯತ್ನವೇ ಭಾರತದ ವಿಮಾನ ಕೈಗಾರಿಕೆಯ ಇತಿಹಾಸ. ಅದರ ಬಹುಭಾಗವು ಬೆಂಗಳೂರಿನಲ್ಲಿ ನಡೆದುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಅಭಿಮಾನದೊಡನೆ ಆ ಇತಿಹಾಸವು ಬೋಧಿಸುವ ಪಾಠವನ್ನೂ ಅರಿಯುವುದು ಅವಶ್ಯಕ.

ಸ್ಥಾಪನೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಭಾರತದಲ್ಲಿಯೇ ವಿಮಾನ ಕಾರ್ಖಾನೆಯೊಂದನ್ನು ಸ್ಥಾಪಿಸುವ ಸಂಕಲ್ಪ ಮಾಡಿದರು. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಅದಕ್ಕೆ ಬೆಂಬಲವಿತ್ತರು. ಸಂಸ್ಥಾನವು ಸುಮಾರು 700 ಎಕರೆ ಭೂಮಿಯನ್ನೂ 25 ಲಕ್ಷ ರೂಪಾಯಿಗಳ ಬಂಡವಾಳವನ್ನೂ ಒದಗಿಸಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಅಸ್ತಿತ್ವಕ್ಕೆ ಬಂದಿತು. ಮರುವರ್ಷವೇ ಅಮೆರಿಕದ ಹಾರ್ಲೋ ತರಬೇತಿ ವಿಮಾನವು ಇಲ್ಲಿ ಜೋಡಣೆಗೊಂಡು ಹಾರಿತು. 1942ರಲ್ಲಿ ಭಾರತ ಸರ್ಕಾರವು ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡಿತು. 1943ರಿಂದ ಯುದ್ಧ ಮುಗಿಯುವವರೆಗೆ ಅದು ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿತ್ತು.

ಯುದ್ಧಾನಂತರ ಕೆಲಸವಿಲ್ಲದೆ ಕುಶಲಕರ್ಮಿಗಳು ಚದುರಿಹೋಗುವ ಭಯವಿದ್ದಿತು. ಕಾರ್ಖಾನೆಯು ಲೋಹದ ರೈಲು ಬೋಗಿಗಳನ್ನು ತಯಾರಿಸಿತು. ಬ್ರಿಟಿಷರು ಕಾನಪುರದಲ್ಲಿ ಕೆಡವಿಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ತಂದು, ದುರಸ್ತಿಗೊಳಿಸಿ, ವಾಯುಪಡೆಗೆ ಒಪ್ಪಿಸಿತು. ಕಲಿತ ಕೈಗಳು ಕಲಿತುದನ್ನು ಮರೆಯಲಿಲ್ಲ.

ಸ್ವದೇಶಿ ವಿನ್ಯಾಸ

ಎರಡು ಆಸನಗಳ ತರಬೇತಿ ವಿಮಾನ ಎಚ್.ಟಿ.-2 ಸ್ವತಂತ್ರ ಭಾರತದ ಮೊದಲ ಸಾಧನೆ. ಜರ್ಮನಿಯ ಗಾಟಿಂಗೆನ್‌ನಲ್ಲಿ ವಿಜ್ಞಾನಿ ಪ್ರಾಂಟಲ್ ಅವರ ಬಳಿ ಅಧ್ಯಯನ ಮಾಡಿದ್ದ ಡಾ. ವಿ. ಎಂ. ಘಾಟಗೆ ಅವರು ಇದರ ವಿನ್ಯಾಸದ ಮುಖ್ಯಸ್ಥರು. 1951ರ ಆಗಸ್ಟಿನಲ್ಲಿ ಮೊದಲು ಹಾರಿದ ಈ ವಿಮಾನವು ಹಲವು ತಲೆಮಾರಿನ ವೈಮಾನಿಕರಿಗೆ ಅಕ್ಷರಾಭ್ಯಾಸ ಮಾಡಿಸಿತು. ಇದರ ಒಡಲು ನಮ್ಮದಾಗಿದ್ದಿತು. ಎಂಜಿನ್ ಮಾತ್ರ ಬ್ರಿಟನ್ನಿನದು.

ಈ ಕೊರತೆಯು ಮುಂದೆ 'ಮಾರುತ'ದಲ್ಲಿ ದೊಡ್ಡದಾಗಿ ಗೋಚರಿಸಿತು. 1956ರಲ್ಲಿ ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರು ಬೆಂಗಳೂರಿಗೆ ಬಂದು, ಶಬ್ದದ ವೇಗವನ್ನು ಮೀರಬಲ್ಲ ಯುದ್ಧವಿಮಾನದ ವಿನ್ಯಾಸವನ್ನು ಕೈಗೊಂಡರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಅದನ್ನು ಮೊದಲ ಬಾರಿ ಹಾರಿಸಿದರು. ಆದರೆ ಅದಕ್ಕೆಂದು ನೆಚ್ಚಿಕೊಂಡಿದ್ದ ಹೆಚ್ಚು ಶಕ್ತಿಯ ಎಂಜಿನ್ನಿನ ಅಭಿವೃದ್ಧಿಯನ್ನು ಬ್ರಿಟನ್ ಕೈಬಿಟ್ಟಿತು. ಬೆಂಗಳೂರಿನಲ್ಲಿ ಪರವಾನಗಿಯ ಮೇಲೆ ತಯಾರಾಗುತ್ತಿದ್ದ ಕಡಿಮೆ ಶಕ್ತಿಯ ಆರ್ಫಿಯಸ್ ಎಂಜಿನ್ನುಗಳೇ ಗತಿಯಾದವು. ಉತ್ತಮ ಒಡಲಿದ್ದೂ ಮಾರುತವು ಉದ್ದೇಶಿಸಿದ ವೇಗವನ್ನು ಮುಟ್ಟಲಿಲ್ಲ. ಆ ವಿಮಾನದ ಸುಧಾರಣೆಗಾಗಿ ದುಡಿಯುತ್ತಿದ್ದ ಸುರಂಜನ್ ದಾಸ್ ಅವರು 1970ರ ಜನವರಿ 10ರಂದು ಮಾರುತದ ಅಪಘಾತದಲ್ಲಿಯೇ ಪ್ರಾಣವನ್ನರ್ಪಿಸಿದರು. ಬೆಂಗಳೂರಿನ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಮಾರುತವು ಸಮರ್ಥವಾಗಿ ಹೋರಾಡಿತಾದರೂ ಒಟ್ಟು 147 ವಿಮಾನಗಳಿಗೇ ಅದರ ತಯಾರಿಕೆ ನಿಂತಿತು.

ಎಂಜಿನ್ನಿನ ಕಷ್ಟ

ಎಂಜಿನ್ನಿನ ನಿರ್ಮಾಣ ಇಷ್ಟು ದುಸ್ಸಾಧ್ಯವೇಕೆ? ಜೆಟ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ, ಇಂಧನವನ್ನುರಿಸಿ, ಆ ಬಿಸಿ ಅನಿಲದಿಂದ ಟರ್ಬೈನಿನ ಅಲಗುಗಳನ್ನು ತಿರುಗಿಸಲಾಗುತ್ತದೆ. ಆಧುನಿಕ ಎಂಜಿನ್ನುಗಳಲ್ಲಿ ಆ ಅನಿಲದ ಉಷ್ಣತೆಯು ಅಲಗಿನ ಲೋಹವು ಕರಗುವ ಉಷ್ಣತೆಗಿಂತಲೂ ಹೆಚ್ಚು. ಆದುದರಿಂದ ನಿಕಲ್ ಮಿಶ್ರಲೋಹದ ಅಲಗನ್ನು ಒಂದೇ ಸ್ಫಟಿಕವಾಗಿ ಎರಕಹೊಯ್ದು, ಅದರೊಳಗೆ ಸೂಕ್ಷ್ಮ ನಾಳಗಳನ್ನು ರಚಿಸಿ, ಗಾಳಿ ಹಾಯಿಸಿ ತಂಪಾಗಿಡಬೇಕು. ಈ ವಿದ್ಯೆಯನ್ನು ಬಲ್ಲ ದೇಶಗಳು ಅತಿ ವಿರಳ. ಬಲ್ಲವು ಸುಲಭವಾಗಿ ಕಲಿಸುವುದಿಲ್ಲ. ಪರವಾನಗಿಯು ಒಂದು ಭಾಗವನ್ನು ಹೇಗೆ ಮಾಡಬೇಕೆಂಬುದನ್ನು ತಿಳಿಸುತ್ತದೆ; ಅದು ಹಾಗೆಯೇ ಏಕಿರಬೇಕೆಂಬುದನ್ನು ತಿಳಿಸುವುದಿಲ್ಲ.

ಕಡಿದ ಎಳೆ

1964ರ ಅಕ್ಟೋಬರ್ 1ರಂದು ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ರೂಪುಗೊಂಡಿತು. ಮಿಗ್-21 ವಿಮಾನದ ಒಡಲನ್ನು ನಾಸಿಕದಲ್ಲಿಯೂ ಎಂಜಿನ್ನನ್ನು ಕೋರಾಪುಟದಲ್ಲಿಯೂ ತಯಾರಿಸಲಾಯಿತು. ತಯಾರಿಕೆ ಬೆಳೆಯಿತು, ಹೊಸ ಯುದ್ಧವಿಮಾನವನ್ನು ರೂಪಿಸುವ ಪರಂಪರೆ ಮಾತ್ರ ಕಡಿಯಿತು. ಮಾರುತದ ಮೊದಲ ಹಾರಾಟದ ಅನಂತರ ಭಾರತೀಯ ವಿನ್ಯಾಸದ ಮತ್ತೊಂದು ಹೊಸ ಯುದ್ಧವಿಮಾನವಾದ 'ತೇಜಸ್' ಹಾರಿದುದು 2001ರ ಜನವರಿ 4ರಂದು, ಸುಮಾರು ನಲವತ್ತು ವರ್ಷಗಳ ಮೇಲೆ. ಮಾರುತವನ್ನು ರೂಪಿಸಿದವರು ನಿವೃತ್ತರಾಗಿದ್ದರು. ಕಿರಿಯರು ಅನೇಕ ವಿಷಯಗಳನ್ನು ಮೊದಲಿನಿಂದ ಕಲಿಯಬೇಕಾಯಿತು. 2016ರಲ್ಲಿ ತೇಜಸ್ ವಾಯುಪಡೆಯ ಸೇವೆಗೆ ಸೇರಿತು. ಅದರ ಎಂಜಿನ್ ಅಮೆರಿಕದ್ದು. ಅದಕ್ಕೆಂದೇ ಬೆಂಗಳೂರಿನಲ್ಲಿ ಆರಂಭವಾಗಿದ್ದ 'ಕಾವೇರಿ' ಎಂಜಿನ್ ಬೇಕಾದ ಶಕ್ತಿಯನ್ನು ನೀಡದ ಕಾರಣ 2008ರಲ್ಲಿ ಅದನ್ನು ತೇಜಸ್ ಯೋಜನೆಯಿಂದ ಬೇರ್ಪಡಿಸಲಾಗಿತ್ತು.

ಉಪಸಂಹಾರ

ಇದನ್ನು ಸೋಲಿನ ಕಥೆಯೆಂದು ಬಗೆಯುವುದು ಸರಿಯಲ್ಲ. ಹಾರ್ಲೋ ಜೋಡಿಸಿದ ಕಾರ್ಖಾನೆಯೇ ತೇಜಸ್ ನಿರ್ಮಿಸಿತು. 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಅದರ ಹೆಲಿಕಾಪ್ಟರ್ ಕಾರ್ಖಾನೆಯೂ ಉದ್ಘಾಟನೆಗೊಂಡಿತು. ಆದರೆ ಯಂತ್ರವನ್ನು ಹಣದಿಂದ ಕೊಳ್ಳಬಹುದು, ವಿದ್ಯೆಯನ್ನು ಕೊಳ್ಳಲಾಗದು. ಅದು ಬಲ್ಲವರಿಂದ ಕಲಿಯುವವರಿಗೆ ಎಡೆಬಿಡದೆ ಹರಿಯಬೇಕು. ಒಂದು ತಲೆಮಾರು ಆ ಎಳೆಯನ್ನು ಕೈಬಿಟ್ಟರೆ ಮುಂದಿನದು ಅದರ ಬೆಲೆಯನ್ನು ತೆರುತ್ತದೆ. ಲೋಹಶಾಸ್ತ್ರ, ಗಣಿತ, ಭೌತಶಾಸ್ತ್ರಗಳ ಆ ಎಳೆಯ ಮೊದಲ ತುದಿಯಿರುವುದು ಕಾರ್ಖಾನೆಯಲ್ಲಲ್ಲ, ಶಾಲೆಯ ಪ್ರಯೋಗಾಲಯದಲ್ಲಿ.