ಹಾಲ್‌ಮಾರ್ಕ್ ಬಂಗಾರಕ್ಕೆ, ಹರಳಿಗಲ್ಲ

ರಾಮದುರ್ಗದ ಪೇಟೆಯಲ್ಲಿ ಮಾರ್ಚ್ ತಿಂಗಳ ಜನ್ಮರತ್ನವೆಂದು ಅಕ್ವಾಮರೀನ್ ಉಂಗುರ ಕೊಳ್ಳುವವರೇ, ಒಂದು ಮಾತು ನೆನಪಿಡಿ: ಹಾಲ್‌ಮಾರ್ಕ್ ಸಾಕ್ಷಿ ಹೇಳುವುದು ಬಂಗಾರದ ಶುದ್ಧತೆಗೆ ಮಾತ್ರ, ಹರಳಿಗಲ್ಲ. ತಿಳಿನೀಲಿ ಬಣ್ಣವನ್ನಷ್ಟೇ ನಂಬಿದರೆ, ವಿಕಿರಣ ಹಾಯಿಸಿ ಕಾವು ಕೊಟ್ಟು ನೀಲಿ ಮಾಡಿದ ಅಗ್ಗದ ಟೋಪಾಜ್, ಕೆಲವೊಮ್ಮೆ ಬರೀ ಗಾಜು ಕೈಗೆ ಬಂದೀತು. ಪತ್ತಾರರು ಪರಿಚಯದವರು, ಮೋಸ ಮಾಡಲಾರರು ಎನ್ನಬಹುದು. ನಿಜ, ಆದರೆ ಅವರೂ ಹರಳನ್ನು ಬೇರೆಯವರಿಂದಲೇ ತರಿಸುತ್ತಾರೆ, ಬರಿಗಣ್ಣು ಅವರಿಗೂ ಸಾಲದು. ಅಕ್ವಾಮರೀನಿನ ಸಾಪೇಕ್ಷ ಸಾಂದ್ರತೆ ಸುಮಾರು 2.7, ಟೋಪಾಜಿನದು 3.5, ಉಂಗುರಕ್ಕೆ ಕೂಡಿಸುವ ಮೊದಲೇ ರತ್ನ ಪರೀಕ್ಷಾಲಯಕ್ಕೆ ಕೊಟ್ಟರೆ ಈ ವ್ಯತ್ಯಾಸ ಅಡಗದು. ಸಣ್ಣ ಹರಳಿಗೆ ಆ ಖರ್ಚು ಹೆಚ್ಚೆನಿಸಿದರೆ, ಬಿಲ್ಲಿನಲ್ಲಿ ಹರಳಿನ ಹೆಸರು, ತೂಕ, ಬೆಲೆಯನ್ನು ಬಂಗಾರದಿಂದ ಬೇರೆಯಾಗಿಯೇ ಬರೆಸಿಕೊಳ್ಳಿ.

ಗಟ್ಟಿ ಹರಳು, ಜೋಪಾನ ಯಾಕೆ ಎನ್ನಬೇಡಿ. ಮೋಸ್ ಮಾಪನದಲ್ಲಿ ಅದರ ಗಡಸುತನ 7.5ರಿಂದ 8 ಇರುವುದರಿಂದ ಗೀರು ಬೀಳುವುದು ಕಡಿಮೆ, ಆದರೆ ಜೋರಾದ ಏಟಿಗೆ, ಬೆಂಕಿಯ ಕಾವಿಗೆ ಬಿರುಕು ಬಿಡಬಹುದು. ಅಳತೆ ತಿದ್ದಿಸುವಾಗ ಬೆಸುಗೆಗೆ ಮೊದಲು ಹರಳು ಬಿಚ್ಚಿಸಿರಿ. ರೊಟ್ಟಿ ಬಡಿಯುವಾಗ ಉಂಗುರ ತೆಗೆದಿಡಿ. ಹರಳಿನ ಹಿಂದೆ ಹಿಟ್ಟು ಕೂತರೆ ಹೊಳಪು ಮಂಕಾಗುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಬ್ರಷ್ ಇದ್ದರೆ ತೊಳೆಯಲು ಸಾಕು.