ಸುಟ್ಟ ಮೋಟರು ಕಲಿಸಿದ ವಿದ್ಯುತ್ ಪಾಠ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ಜನರು ವಿದ್ಯುತ್ತಿನ ಮೂಲ ಪರಿಭಾಷೆಯನ್ನು ಪುಸ್ತಕದಿಂದ ಕಲಿತದ್ದಕ್ಕಿಂತ ಕಸುಬಿನಲ್ಲಾದ ನಷ್ಟದಿಂದ ಕಲಿತದ್ದೇ ಹೆಚ್ಚು. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಗೊಂಬೆ ಕುಶಲಕರ್ಮಿಗೂ ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ರೀಲರಿಗೂ ಮೀಟರು ಓಡುತ್ತಲೇ ಇರುವುದರಿಂದ, ಅವರಿಗೆ ಮೊದಲು ಅರ್ಥವಾದದ್ದು ‘ಯೂನಿಟ್’. ಸಾಮರ್ಥ್ಯವೆಂದರೆ ಕೆಲಸ ನಡೆಯುವ ವೇಗ, ಶಕ್ತಿಯೆಂದರೆ ಒಟ್ಟು ನಡೆದ ಕೆಲಸ. ಒಂದು ಕಿಲೋವ್ಯಾಟ್ ಎಳೆಯುವ ಯಂತ್ರ ಒಂದು ಗಂಟೆ ಓಡಿದಾಗ ಖರ್ಚಾಗುವ ಶಕ್ತಿಯೇ ಒಂದು ಯೂನಿಟ್. ಒಂದು ಎಚ್‌ಪಿ (ಅಶ್ವಶಕ್ತಿ) ಎಂದರೆ 746 ವ್ಯಾಟ್ ಆದರೂ, ಮೋಟರಿನೊಳಗಿನ ನಷ್ಟ ಸೇರಿ, ಗೊಂಬೆ ಕಡೆಯುವ ಒಂದು ಎಚ್‌ಪಿ ಲೇತು ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು ಒಂದು ಯೂನಿಟ್ ಬಳಸುತ್ತದೆ.

ಕನಕಪುರ, ಮಾಗಡಿಯ ರೈತರ ಪಾಠ ಬೇರೆ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾದ ಕಾರಣ ಯೂನಿಟ್ಟಿನ ಲೆಕ್ಕ ಅವರ ಜೇಬಿಗೆ ತಾಗುವುದಿಲ್ಲ. ಆದರೆ ಸುಟ್ಟ ಮೋಟರನ್ನು ಬೋರ್‌ವೆಲ್ಲಿನಿಂದ ಮೇಲೆತ್ತಿಸಿ ವೈಂಡಿಂಗ್ ಮಾಡಿಸುವ ಖರ್ಚು ಪೂರ್ತಿ ಅವರದೇ ಆದ್ದರಿಂದ, ವೋಲ್ಟು ಮತ್ತು ಆಂಪಿಯರುಗಳೇ ಅವರಿಗೆ ಜೀವನದ ಪ್ರಶ್ನೆಯಾಗಿವೆ. ಎತ್ತರದ ತೊಟ್ಟಿಯಲ್ಲಿರುವ ನೀರಿನ ಒತ್ತಡದಂತೆ ಪ್ರವಾಹವನ್ನು ತಂತಿಯಲ್ಲಿ ತಳ್ಳುವ ಒತ್ತಡವು ವೋಲ್ಟೇಜ್. ಹರಿಯುವ ಪ್ರವಾಹದ ಪ್ರಮಾಣವನ್ನು ಅಳೆಯುವುದು ಆಂಪಿಯರಿನಲ್ಲಿ. ಐದು ಎಚ್‌ಪಿಯ ತ್ರೀಫೇಸ್ ಮೋಟರು 415 ವೋಲ್ಟಿನಲ್ಲಿ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ 350ಕ್ಕೆ ಕುಸಿದರೂ ಎತ್ತಬೇಕಾದ ನೀರಿನ ಭಾರ ಹೆಚ್ಚುಕಡಿಮೆ ಹಾಗೆಯೇ ಇರುವುದರಿಂದ ಮೋಟರು ಸುಮಾರು ಒಂಬತ್ತು ಆಂಪಿಯರ್ ಎಳೆಯತೊಡಗುತ್ತದೆ. ಸುರುಳಿಯ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಒಂದೂಕಾಲು ಪಟ್ಟಿಗೆ ನಿಲ್ಲದೆ ಸುಮಾರು ಒಂದೂವರೆ ಪಟ್ಟಿನ ಸಮೀಪಕ್ಕೆ ಹೋಗುತ್ತದೆ. ವೋಲ್ಟೇಜ್ ಕಡಿಮೆಯಾದರೆ ಮೋಟರು ನಿಧಾನವಾಗಿ ಓಡೀತೇ ಹೊರತು ಸುಡಲಾರದೆಂಬ ನಂಬಿಕೆ ತಪ್ಪು, ಮತ್ತು ದುಬಾರಿಯಾದ ತಪ್ಪು.

ಮೋಟರು ನೀರೆತ್ತುತ್ತಿಲ್ಲವೆಂದು ಐದರ ಬದಲು ಏಳೂವರೆ ಎಚ್‌ಪಿ ಇಳಿಸುವುದು ಇದಕ್ಕಿಂತ ದೊಡ್ಡ ಅನರ್ಥಕ್ಕೆ ಕಾರಣವಾಗುತ್ತದೆ. ಟಿಸಿ ಎಂದು ಜನ ಕರೆಯುವ ಪರಿವರ್ತಕವು 11,000 ವೋಲ್ಟನ್ನು 433ಕ್ಕೆ ಇಳಿಸುತ್ತದೆ. 63 ಕೆವಿಎ ಟಿಸಿ ಪ್ರತಿ ಫೇಸಿನಲ್ಲಿ ಸುಮಾರು 84 ಆಂಪಿಯರ್ ಮಾತ್ರ ಕೊಡಬಲ್ಲದಾದ್ದರಿಂದ, ಐದು ಎಚ್‌ಪಿಯ ಹತ್ತು-ಹನ್ನೊಂದು ಪಂಪುಗಳಿಗೆ ಅದರ ಸಾಮರ್ಥ್ಯ ಮುಗಿಯುತ್ತದೆ. ಅದರ ಮೇಲೆ ಭಾರ ಹೆಚ್ಚಿದಂತೆ ತಂತಿಯ ರೋಧದಲ್ಲಿ ವೋಲ್ಟೇಜ್ ಇನ್ನಷ್ಟು ಸೋರಿಹೋಗಿ, ಲೈನಿನ ಕೊನೆಯ ತೋಟದವನ ಮೋಟರು ಮೊದಲು ಸುಡುತ್ತದೆ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ವಿದ್ಯುತ್ ಸಾಗಿಸಿದವರು ವೋಲ್ಟೇಜನ್ನು ಬಹಳ ಎತ್ತರಿಸಿ ಪ್ರವಾಹವನ್ನು ತಗ್ಗಿಸಿದ್ದು ಈ ಸೋರಿಕೆಯನ್ನು ತಡೆಯುವುದಕ್ಕಾಗಿಯೇ. ಟಿಸಿಯನ್ನು ಕಿಲೋವ್ಯಾಟಿನಲ್ಲಿ ಅಳೆಯದೆ ಕೆವಿಎಯಲ್ಲಿ ಅಳೆಯಲು ಕಾರಣವಿದೆ: ಮೋಟರಿನ ಸುರುಳಿ ಕಾಂತತ್ವಕ್ಕಾಗಿ ಎಳೆದುಕೊಳ್ಳುವ ಪ್ರವಾಹ ನೀರೆತ್ತುವ ಕೆಲಸ ಮಾಡದಿದ್ದರೂ ತಂತಿಯನ್ನು ತುಂಬುತ್ತದೆ. ಸರಿಯಾದ ಅಳತೆಯ ಕೆಪಾಸಿಟರನ್ನು ಸ್ಟಾರ್ಟರಿನ ಪಕ್ಕದಲ್ಲಿ ಜೋಡಿಸಿದರೆ ಈ ಹೊರೆ ತಗ್ಗಿ, ಪವರ್ ಫ್ಯಾಕ್ಟರ್ ಸುಧಾರಿಸುತ್ತದೆ.

ಮೋಟರು ಸುಡಲು ಇನ್ನೊಂದು ಕಾರಣವೂ ಇದೆ: ಮೂರು ಫೇಸುಗಳಲ್ಲಿ ಒಂದು ಹೋದಾಗ ಉಳಿದೆರಡರಲ್ಲಿ ಮೋಟರು ಓಡುತ್ತಲೇ ಇದ್ದು, ಅವುಗಳಲ್ಲಿ ಪ್ರವಾಹ ಒಂದೂಮುಕ್ಕಾಲು ಪಟ್ಟು ಏರಬಹುದು. ಸಿಂಗಲ್ ಫೇಸ್ ತಡೆಯುವ ಸಾಧನವಿಲ್ಲದ ಸ್ಟಾರ್ಟರನ್ನು ನಂಬುವುದು ಅಪಾಯಕರ.

ಆಳವೂ ಲೆಕ್ಕಕ್ಕೆ ಬರಬೇಕು. ಸಾವಿರ ಲೀಟರ್ ನೀರನ್ನು 200 ಮೀಟರ್ ಎತ್ತಲು ಕನಿಷ್ಠ ಅರ್ಧ ಯೂನಿಟ್ ಬೇಕು. ಪಂಪಿನ ದಕ್ಷತೆ ಅರ್ಧದಷ್ಟಿದ್ದರೆ ಒಂದಕ್ಕೂ ಮಿಗಿಲು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಪಂಪಿಂಗ್ ಕೇಂದ್ರಗಳ ಮೂಲಕ ಬೆಂಗಳೂರಿಗೆ ಸುಮಾರು 500 ಮೀಟರ್ ಏರುವ ಕಾವೇರಿ ನೀರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಆದ್ದರಿಂದ ಹೊಸ ಮೋಟರು ಕೊಳ್ಳುವವರು ನೀರಿನ ಆಳವನ್ನೂ, ಸುತ್ತಲಿನ ಪಂಪುಗಳೆಲ್ಲ ಓಡುತ್ತಿರುವ ವೇಳೆಯ ವೋಲ್ಟೇಜನ್ನೂ ಮೊದಲು ಅಳೆಸಬೇಕು, ಹೆಚ್ಚಿಸಿದ ಲೋಡನ್ನು ವಿದ್ಯುತ್ ಪೂರೈಸುವ ಬೆಸ್ಕಾಂ ಕಂಪನಿಯ ಕಚೇರಿಯಲ್ಲಿ ತಪ್ಪದೆ ನಮೂದಿಸಬೇಕು. ನಮೂದಾಗದ ಲೋಡು ಟಿಸಿಯ ಗಾತ್ರ ನಿರ್ಧರಿಸುವ ಲೆಕ್ಕಕ್ಕೆ ಸೇರುವುದಿಲ್ಲ.